ತಾರಸಿಯಿಂದ ಇಳಿಯುವ ಬಿಸಿ: 6 ಬಿಟಿಯು ಕಡಿಮೆಯೋ, 16 ಕಿಲೋ ಕ್ಯಾಲರಿ ಕಡಿಮೆಯೋ?

ಪ್ರಶ್ನೆ (ವಿಜಯನಗರದಲ್ಲಿ ಮನೆ ಕಟ್ಟಿಸುತ್ತಿರುವವರು):
ನಮಸ್ಕಾರ ಸರ್. 30-40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಮೇಲಿನ ಮಹಡಿಯಲ್ಲಿ ಅಮ್ಮನಿಗೆ ಅಂತ ಒಂದು ರೂಮ್ ಇದೆ, 12 ಅಡಿಗೆ 15 ಅಡಿ. ಮೋಲ್ಡ್ ಆಗಿದೆ. ಈಗಲೇ ಮಧ್ಯಾಹ್ನ ಒಳಗೆ ನಿಲ್ಲೋಕೆ ಆಗುವುದಿಲ್ಲ. ತಾರಸಿ ಮೇಲೆ ಬಿಸಿ ತಡೆಯುವ ಪದರ ಹಾಕಿಸಲು ಇಬ್ಬರಿಂದ ಕೊಟೇಶನ್ ತೆಗೆದುಕೊಂಡೆ. ಮೊದಲನೆಯವರು ಹೀಗೆ ಬರೆದಿದ್ದಾರೆ: ಏನೂ ಹಾಕದಿದ್ದರೆ ಒಳಗೆ ಇಳಿಯುವ ಬಿಸಿ ಗಂಟೆಗೆ ಚದರ ಅಡಿಗೆ 20 ಬಿಟಿಯು, ಅವರ ಪದರ ಹಾಕಿದರೆ 6 ಬಿಟಿಯು. ಎರಡನೆಯವರದು ಗಂಟೆಗೆ ಚದರ ಮೀಟರಿಗೆ 16 ಕಿಲೋ ಕ್ಯಾಲರಿ. 16ಕ್ಕಿಂತ 6 ಕಡಿಮೆ, ಹಾಗಾಗಿ ಮೊದಲನೆಯದೇ ಒಳ್ಳೆಯದು ಅಲ್ವಾ? ಅವರ ರೇಟು ಮಾತ್ರ ಜಾಸ್ತಿ ಇದೆ.

ಉತ್ತರ (ಎಸಿ ಎಂಜಿನಿಯರ್):
ನಮಸ್ಕಾರ ಸರ್. ಹಾಗೆ ನೇರವಾಗಿ ಹೋಲಿಸಬೇಡಿ. ಎರಡೂ ಬೇರೆ ಬೇರೆ ಅಳತೆ. ಎರಡನ್ನೂ ಚದರ ಮೀಟರಿಗೆ ಇಷ್ಟು ವ್ಯಾಟ್ ಅಂತ ಮಾಡಿಕೊಳ್ಳೋಣ.

ಇದರಲ್ಲಿ ಮೂರು ತುಂಡು ಇವೆ: ಬಿಸಿ ಎಷ್ಟು, ಎಷ್ಟು ಹೊತ್ತಿಗೆ, ಎಷ್ಟು ಜಾಗಕ್ಕೆ. ಒಂದೊಂದನ್ನೇ ಬದಲಾಯಿಸಿದರೆ ತಪ್ಪಾಗುವುದಿಲ್ಲ.

ಮೊದಲು ಬಿಟಿಯು. ಬಿಟಿಯು, ಜೂಲ್ ಎರಡೂ ಬಿಸಿಯ ಅಳತೆ. ಒಂದು ಬಿಟಿಯು ಅಂದರೆ 1055 ಜೂಲ್. ಗಂಟೆಗೆ 3600 ಸೆಕೆಂಡ್. ಸೆಕೆಂಡಿಗೆ ಒಂದು ಜೂಲ್ ಅಂದರೆ ಒಂದು ವ್ಯಾಟ್, ಹಾಗಾಗಿ ಭಾಗಿಸಿದರೆ 0.293 ವ್ಯಾಟ್. ಒಂದು ಚದರ ಅಡಿ ಅಂದರೆ 0.0929 ಚದರ ಮೀಟರ್. ಇದು "ಇಷ್ಟು ಜಾಗಕ್ಕೆ" ಅನ್ನುವ ಲೆಕ್ಕ, ಜಾಗ ಭಾಗಾಕಾರದ ಕೆಳಗೆ ಬರುತ್ತದೆ, ಹಾಗಾಗಿ 0.0929ರಿಂದ ಭಾಗಿಸಬೇಕು. ಗುಣಿಸುವುದಲ್ಲ. ನನ್ನ ಹತ್ತಿರ ಬರುವ ಹೊಸ ಹುಡುಗರು ಎಡವುವುದು ಇಲ್ಲೇ. ಚದರ ಅಡಿ ಚಿಕ್ಕದು, ಚದರ ಮೀಟರ್ ದೊಡ್ಡದು. ದೊಡ್ಡ ಜಾಗದಲ್ಲಿ ಜಾಸ್ತಿ ಬಿಸಿ ಇಳಿಯುತ್ತದೆ, ಸಂಖ್ಯೆ ಹಿಗ್ಗಲೇಬೇಕು. ಇಷ್ಟು ನೆನಪಿದ್ದರೆ ಸಾಕು. 0.293 ಭಾಗಿಸು 0.0929, ಅಂದರೆ ಸುಮಾರು 3.155.

ಕಿಲೋ ಕ್ಯಾಲರಿ ಸುಲಭ. ಒಂದು ಕಿಲೋ ಕ್ಯಾಲರಿ ಅಂದರೆ 4186.8 ಜೂಲ್, ಅದನ್ನು 3600ರಿಂದ ಭಾಗಿಸಿದರೆ 1.163. ಜಾಗ ಆಗಲೇ ಚದರ ಮೀಟರಿನಲ್ಲಿದೆ, ಅದನ್ನು ಮುಟ್ಟುವುದು ಬೇಡ.

ಈಗ ನಿಮ್ಮ ಲೆಕ್ಕ. 6 × 3.155 = 18.9 ವ್ಯಾಟ್. 16 × 1.163 = 18.6 ವ್ಯಾಟ್. ಎರಡೂ ಹೆಚ್ಚು ಕಡಿಮೆ ಒಂದೇ ಸರ್! ಏನೂ ಹಾಕದ ಮೋಲ್ಡಿನ 20 ಬಿಟಿಯು ಅಂದರೆ 63 ವ್ಯಾಟ್.

ಕಾಗದದಲ್ಲಿ "ಗಂಟೆಗೆ" ಅಂತ ಇದೆಯಾ ಅಂತ ಯಾವಾಗಲೂ ನೋಡಿ. ಎಸಿ ಜಾಹೀರಾತಿನಲ್ಲಿ ಸುಮ್ನೆ 12,000 ಬಿಟಿಯು ಅಂತ ಹಾಕುತ್ತಾರೆ. ಅದು ಗಂಟೆಗೆ 12,000. ಅಷ್ಟು ಸೇರಿದರೆ ಎಸಿ ಲೆಕ್ಕದಲ್ಲಿ ಒಂದು ಟನ್, ಅಂದರೆ 3517 ವ್ಯಾಟ್.

ಪ್ರಶ್ನೆ (ಇನ್ನೊಬ್ಬ ಸದಸ್ಯರು, ಎಂಜಿನಿಯರಿಂಗ್ ವಿದ್ಯಾರ್ಥಿನಿ):
ಸರ್, ನನಗೆ 1.163 ಬದಲು 1.162 ಬರುತ್ತಿದೆ. ಎಲ್ಲಿ ತಪ್ಪು?

ಉತ್ತರ:
ತಪ್ಪಿಲ್ಲಮ್ಮ. ನೀವು ಕ್ಯಾಲರಿಗೆ 4.184 ಜೂಲ್ ಹಿಡಿದಿದ್ದೀರಿ, ನಾನು 4.1868 ಹಿಡಿದೆ. ಎರಡೂ ಬಳಕೆಯಲ್ಲಿವೆ. ತಾರಸಿ ಲೆಕ್ಕಕ್ಕೆ ಈ ವ್ಯತ್ಯಾಸ ಏನೂ ಅಲ್ಲ. ಪರೀಕ್ಷೆಯಲ್ಲಾದರೆ ಯಾವುದು ಹಿಡಿದಿರಿ ಅಂತ ಒಂದು ಸಾಲು ಬರೆಯಿರಿ.

ಪ್ರಶ್ನೆ (ಮತ್ತೊಬ್ಬರು):
ಸೋಲಾರ್‌ನವರು ಬೆಂಗಳೂರಿಗೆ ದಿನಕ್ಕೆ ಚದರ ಮೀಟರಿಗೆ 5 ಯೂನಿಟ್ ಬಿಸಿಲು ಅನ್ನುತ್ತಾರೆ. ಇದನ್ನೂ ವ್ಯಾಟ್ ಮಾಡಬಹುದಾ?

ಉತ್ತರ:
ಮಾಡಬಹುದು. ಯೂನಿಟ್ ಅಂದರೆ ಬೆಸ್ಕಾಂ ಬಿಲ್ಲಿನ ಅದೇ ಯೂನಿಟ್, ಕಿಲೋವ್ಯಾಟ್ ಅವರ್. 5000 ಭಾಗಿಸು 24, ಸುಮಾರು 208 ವ್ಯಾಟ್. ಆದರೆ ಇದು ರಾತ್ರಿಯನ್ನೂ ಸೇರಿಸಿದ ಸರಾಸರಿ. ನಡು ಮಧ್ಯಾಹ್ನದ ಒಳ್ಳೆ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಇರುತ್ತದೆ. ತಾರಸಿ ಕಾಯುವ ಲೆಕ್ಕಕ್ಕೆ 208 ಹಿಡಿದರೆ ಮೋಸ ಹೋಗುತ್ತೀರಿ.

ಮೊದಲು ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಹಾಗಾದರೆ ಕಡಿಮೆ ರೇಟಿನ ಎರಡನೆಯವರಿಗೇ ಕೆಲಸ ಕೊಡಲಾ? ಇನ್ನೊಂದು ವಿಷಯ. ಕೊಟೇಶನ್ನಿನ ಕೆಳಗೆ ಸಣ್ಣ ಅಕ್ಷರದಲ್ಲಿ ತಾರಸಿ 60 ಡಿಗ್ರಿ, ಒಳಗೆ 27 ಡಿಗ್ರಿ ಅಂತ ಮೊದಲನೆಯವರು ಹಾಕಿದ್ದಾರೆ. ಎರಡನೆಯವರದು 45 ಮತ್ತು 27. ಇದಕ್ಕೂ ಲೆಕ್ಕಕ್ಕೂ ಸಂಬಂಧ ಇದೆಯಾ?

ಉತ್ತರ:
ಅಯ್ಯೋ, ಅಡ್ವಾನ್ಸ್ ಕೊಡಬೇಡಿ, ತಡೆಯಿರಿ! ಸಂಬಂಧ ಇದೆ, ಇದೇ ದೊಡ್ಡದು.

ಹೊರಗಿನ ಬಿಸಿಗೂ ಒಳಗಿನ ಬಿಸಿಗೂ ಎಷ್ಟು ಅಂತರ ಇದೆಯೋ ಅದಕ್ಕೆ ತಕ್ಕಂತೆ ಬಿಸಿ ಇಳಿಯುತ್ತದೆ. ಮೊದಲನೆಯವರು 33 ಡಿಗ್ರಿ ಅಂತರಕ್ಕೆ 18.9 ಹೇಳಿದ್ದಾರೆ. ಎರಡನೆಯವರು ಬರೀ 18 ಡಿಗ್ರಿ ಅಂತರಕ್ಕೆ 18.6. ಒಂದೊಂದು ಡಿಗ್ರಿಗೆ ಎಷ್ಟು ಅಂತ ನೋಡಿ. ಮೊದಲನೆಯದು 0.57 ವ್ಯಾಟ್, ಎರಡನೆಯದು 1.03. ಇದನ್ನೇ ನಾವು ಯು-ವ್ಯಾಲ್ಯೂ ಅನ್ನುವುದು. ಅದು ಕಡಿಮೆ ಇದ್ದಷ್ಟೂ ಒಳ್ಳೆಯದು.

ಇಬ್ಬರ ಪದರವನ್ನೂ 60 ಡಿಗ್ರಿ ಕಾದ ತಾರಸಿಗೇ ಹಾಕಿ ನೋಡೋಣ. ಎರಡನೆಯದರಲ್ಲಿ 1.03 × 33, ಅಂದರೆ 34 ವ್ಯಾಟ್ ಇಳಿಯುತ್ತದೆ. ನಿಮ್ಮ ರೂಮ್ 180 ಚದರ ಅಡಿ, ಅಂದರೆ 16.7 ಚದರ ಮೀಟರ್. ಎರಡನೆಯದರಲ್ಲಿ ಒಟ್ಟು ಸುಮಾರು 570 ವ್ಯಾಟ್, ಮೊದಲನೆಯದರಲ್ಲಿ ಸುಮಾರು 316. ಏನೂ ಹಾಕದಿದ್ದರೆ 1055. ರೇಟು ಜಾಸ್ತಿ ಇರುವುದಕ್ಕೆ ಕಾರಣ ಇದೆ ಅನ್ನಿಸುತ್ತದೆ.

ಇಬ್ಬರಿಗೂ ಫೋನ್ ಮಾಡಿ ಯು-ವ್ಯಾಲ್ಯೂ ಬರೆದು ಕೊಡಿ ಅಂತ ಕೇಳಿ. ಬಿಟಿಯು ಮತ್ತು ಫ್ಯಾರನ್‌ಹೀಟ್‌ನಲ್ಲಿ ಕೊಟ್ಟರೆ 3.155ರಿಂದ ಅಲ್ಲ, 5.678ರಿಂದ ಗುಣಿಸಿ. ಒಂದು ಸೆಲ್ಸಿಯಸ್ ಡಿಗ್ರಿಯ ಅಂತರ ಅಂದರೆ 1.8 ಫ್ಯಾರನ್‌ಹೀಟ್ ಡಿಗ್ರಿ, ಅದಕ್ಕೆ ಸಂಖ್ಯೆ ಬದಲಾಗುತ್ತದೆ. ಇಲ್ಲಿ 32 ಕಳೆಯುವುದು, ಕೂಡಿಸುವುದು ಏನೂ ಬೇಡ, ಯಾಕೆಂದರೆ ಇದು ಬರೀ ಅಂತರ. ಬಂದ ಉತ್ತರ ಇಲ್ಲೇ ಹಾಕಿ ಸರ್, ಅಮ್ಮನ ರೂಮಿಗೆ ಯಾವುದು ಅಂತ ಒಟ್ಟಿಗೆ ಕೂತು ನೋಡೋಣ.