ಅಜ್ಜಿ ಹೇಳಿದ ಕಥೆಗಳನ್ನು ನಾನೇ ಪುಸ್ತಕ ಮಾಡಬಹುದಾ?

ಹೊಳೆದಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ನಮ್ಮೂರಿನ ಹಿರಿಯರು ಹೇಳುವ ಕಥೆಗಳನ್ನು ಬರೆದುಕೊಳ್ಳುತ್ತಾ ಬಂದಿದ್ದೇನೆ. ಈಗ 14 ಕಥೆಗಳಾಗಿವೆ. ಅರ್ಧ ನಮ್ಮಜ್ಜಿ ಹೇಳಿದ್ದು. ಉಳಿದದ್ದು ಹಿಂದೆ ದೋಣಿ ನಡೆಸುತ್ತಿದ್ದ ಒಬ್ಬ ಹಿರಿಯರು ಹೇಳಿದ್ದು. ಕೆಲವು ಎಲ್ಲ ಕಡೆಯೂ ಸಿಗುವ ರಾಜ ರಾಣಿ ಕಥೆಗಳೇ. ಆದರೆ ಕೆಲವು ಅಲ್ಲೇ ನಡೆದದ್ದು. ಹೊಳೆ ಉಕ್ಕಿ ಬಂದ ವರ್ಷ ಯಾರು ಯಾರನ್ನು ದಾಟಿಸಿದರು, ಯಾರು ಆಚೆ ದಡದಲ್ಲೇ ಉಳಿದುಬಿಟ್ಟರು, ಅಂಥವು.

ಒಂದು ಪ್ರಕಾಶನಕ್ಕೆ ಕಳಿಸಿದ್ದೆ. ಚೆನ್ನಾಗಿದೆ ಅಂದರು. ಮುದ್ರಣದ ಖರ್ಚು ನಾನೇ ಕೊಡಬೇಕಂತೆ, ಆರು ಪುಟದ ಕರಾರಿಗೆ ಸಹಿ ಹಾಕಬೇಕಂತೆ. ಓದಿದೆ, ಅರ್ಧ ಅರ್ಥವಾಗಲಿಲ್ಲ. ಗೆಳೆಯರು ನೀನೇ ಮಾಡ್ಕೋ ಅಂತಾರೆ. ಹಾಗೆ ಮಾಡಿದರೆ ಯಾರಾದರೂ ಅದನ್ನು ನಿಜವಾದ ಪುಸ್ತಕ ಅಂತ ಓದುತ್ತಾರಾ?

ಇನ್ನೊಂದು ಕಷ್ಟ ಇದೆ, ನನಗೆ ಜಾಸ್ತಿ ನೋವು ಕೊಡುತ್ತಿರುವುದು ಇದೇ. ಅಜ್ಜಿ ಹೇಳಿದ್ದು ಹೀಗೆ: 'ನೀರು ಬಂತು ನೋಡು, ಬಾಗಿಲು ತಟ್ಟಲೇ ಇಲ್ಲ.' ನಾನು ಬರೆದದ್ದು ಹೀಗೆ: 'ಪ್ರವಾಹದ ನೀರು ಏಕಾಏಕಿ ಮನೆಯೊಳಗೆ ನುಗ್ಗಿತು.' ತಪ್ಪೇನೂ ಇಲ್ಲ, ಆದರೆ ಅಜ್ಜಿ ಅದರಲ್ಲಿ ಇಲ್ಲ. 14 ಕಥೆಯೂ ಹೀಗೇ ಆಗಿದೆ. ಏನು ಮಾಡಲಿ?

ಒಂದೇ ಪುಸ್ತಕದವಳು ಬರೆದದ್ದು:

ದಯವಿಟ್ಟು ಸಹಿ ಹಾಕಬೇಡಿ. ಹಾಕುವುದಾದರೂ ಇದನ್ನು ಓದಿ ಆಮೇಲೆ ಹಾಕಿ.

ನನ್ನ ಮೊದಲ ಪುಸ್ತಕ ಹೀಗೇ ಆಯಿತು. ದುಡ್ಡು ನಾನೇ ಕೊಟ್ಟೆ. ಪುಸ್ತಕ ಕೈಗೆ ಬಂದ ಖುಷಿಯಲ್ಲಿ ಕರಾರಿನ ಒಂದು ಸಾಲನ್ನು ಓದೇ ಇರಲಿಲ್ಲ: 'ಎಲ್ಲ ಭಾಷೆಗಳಲ್ಲಿ, ಎಲ್ಲ ರೂಪಗಳಲ್ಲಿ, ಹಕ್ಕುಸ್ವಾಮ್ಯದ ಪೂರ್ಣ ಅವಧಿಗೆ.' ಎರಡು ವರ್ಷ ಆದಮೇಲೆ ಒಬ್ಬರು ಅದರಲ್ಲಿನ ಒಂದು ಕಥೆಯನ್ನು ಧ್ವನಿಯಲ್ಲಿ ಓದಿ ಹಾಕುತ್ತೇನೆ ಅಂದರು. ನನ್ನ ಕಥೆಗೆ ನಾನು ಹೂಂ ಅನ್ನುವ ಹಾಗಿರಲಿಲ್ಲ. ಪ್ರಕಾಶಕರಿಗೆ ಬರೆದೆ, ಉತ್ತರ ಬರಲಿಲ್ಲ. ಆ ದಿನ ಅನುಭವಿಸಿದ ಸಂಕಟ ಇನ್ನೂ ನೆನಪಿದೆ.

ಆ ಪೂರ್ಣ ಅವಧಿ ಅಂದರೆ ಎಷ್ಟು ಗೊತ್ತಾ? ಹಕ್ಕುಸ್ವಾಮ್ಯದ ಬಗ್ಗೆ ದೇಶಗಳು ಮಾಡಿಕೊಂಡಿರುವ ಬರ್ನ್ ಒಪ್ಪಂದದ ಪ್ರಕಾರ ಕನಿಷ್ಠ ಅಂದರೂ ಬರೆದವರು ಬದುಕಿರುವಷ್ಟು ಕಾಲ, ಆಮೇಲೆ ಇನ್ನೂ 50 ವರ್ಷ. ಕೆಲವು ದೇಶಗಳಲ್ಲಿ ಅದು 60, ಕೆಲವು ಕಡೆ 70. ನಿಮ್ಮ ಮೊಮ್ಮಕ್ಕಳು ಕೂಡ ಅನುಮತಿ ಕೇಳಬೇಕಾಗುತ್ತದೆ. ಅದೇ ಒಪ್ಪಂದದಲ್ಲಿ ನಮ್ಮ ಪರವಾಗಿ ಒಂದು ಮಾತೂ ಇದೆ. ಹಕ್ಕು ಹುಟ್ಟಲು ನೋಂದಣಿ ಬೇಕಾಗಿಲ್ಲ. ನೀವು ಬರೆದ ಕ್ಷಣದಿಂದ ಅದು ನಿಮ್ಮದು. ಬಿಟ್ಟುಕೊಡುವುದಕ್ಕೆ ಮಾತ್ರ ನಿಮ್ಮ ಸಹಿ ಬೇಕು, ಅದಕ್ಕೇ ಅವರು ಕೇಳುತ್ತಿರುವುದು.

ಹಕ್ಕು ಕೊಡುವುದೇ ಆದರೆ ಬಿಡಿಬಿಡಿಯಾಗಿ ಕೊಡಿ. ಈ ಭಾಷೆ, ಅಚ್ಚಿನ ರೂಪ, ಇಷ್ಟು ವರ್ಷ, ಅಷ್ಟೇ. ಅನುವಾದ, ಧ್ವನಿ, ನಾಟಕ, ಸಿನಿಮಾ ನಿಮ್ಮ ಹತ್ತಿರವೇ ಇರಲಿ. ಹಕ್ಕು ವಾಪಸ್ ಬರುವ ಷರತ್ತನ್ನು ಎರಡು ಸಲ ಓದಿ. 'ಪ್ರತಿಗಳು ಮುಗಿದಾಗ ವಾಪಸ್' ಅಂತ ಬರೆದಿದ್ದರೆ ಮೋಸ ಹೋಗುತ್ತೀರಿ. ಈಗ ಇ-ಪುಸ್ತಕ ಇದೆ, ಬೇಡಿಕೆ ಬಂದಾಗ ಒಂದೊಂದೇ ಪ್ರತಿ ಮುದ್ರಿಸುವ ವ್ಯವಸ್ಥೆ ಇದೆ, ಅಂದಮೇಲೆ ಪ್ರತಿಗಳು ಮುಗಿಯುವುದೇ ಇಲ್ಲ! 'ಒಂದು ವರ್ಷದಲ್ಲಿ ಇಷ್ಟು ಪ್ರತಿಗಿಂತ ಕಡಿಮೆ ಮಾರಾಟವಾದರೆ ಹಕ್ಕು ಲೇಖಕರಿಗೆ' ಅಂತ ಸಂಖ್ಯೆ ಹಾಕಿಸಿ.

ಸಂಪಾದಕರಿಗೆ, ಮುಖಪುಟ ಮಾಡುವವರಿಗೆ ದುಡ್ಡು ಕೊಡುವುದು ಬೇರೆ ವಿಷಯ. ಅದು ಕೆಲಸಕ್ಕೆ ಕೂಲಿ. ಆದರೆ ಪುಸ್ತಕಕ್ಕೆ ಬಂಡವಾಳವೂ ನಿಮ್ಮದೇ, ಹಕ್ಕು ಮಾತ್ರ ಅವರದು ಅಂದರೆ ಅದನ್ನು ನಾನು ಪ್ರಕಟಣೆ ಅಂತ ಕರೆಯುವುದಿಲ್ಲ.

ಕಪಾಟು ಬರೆದದ್ದು:

ನಿಜವಾದ ಪುಸ್ತಕವಾ ಅಂತ ಕೇಳಿದಿರಲ್ಲ, ಅದಕ್ಕೆ ಮಾತ್ರ ಉತ್ತರ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಇಂಗ್ಲಿಷ್ ಲೇಖಕ ದಂಪತಿ ಲಿಯೊನಾರ್ಡ್ ಮತ್ತು ವರ್ಜೀನಿಯಾ ವುಲ್ಫ್ 1917ರಲ್ಲಿ ಒಂದು ಸಣ್ಣ ಕೈಮುದ್ರಣ ಯಂತ್ರ ಕೊಂಡು ಮನೆಯ ಊಟದ ಕೋಣೆಯಲ್ಲೇ ಇಟ್ಟು ಕೆಲಸ ಶುರು ಮಾಡಿದರು. ಮೊದಲು ಅಚ್ಚು ಹಾಕಿದ್ದು ತಮ್ಮದೇ ಕಥೆಗಳನ್ನು. ಓದುಗರು ಪುಸ್ತಕ ತೆರೆದು ಮೊದಲ ಪುಟ ಓದುತ್ತಾರೆ. ಅಲ್ಲಿ ಅಕ್ಷರ ತಪ್ಪು ಸಿಕ್ಕರೆ ಮುಚ್ಚುತ್ತಾರೆ. ಪ್ರಕಾಶನದ ಹೆಸರು ಹುಡುಕುವವರು ಕಡಿಮೆ.

ಪುಟ ಕಟ್ಟುವವಳು ಬರೆದದ್ದು:

ನಾನು ಇಪ್ಪತ್ತು ವರ್ಷದಿಂದ ಪುಟವಿನ್ಯಾಸ ಮಾಡುತ್ತಿದ್ದೇನೆ. ನೀವೇ ಮಾಡುವುದಾದರೆ ಕೆಲವು ಮಾತು ಹೇಳಲೇಬೇಕು.

ಎಲ್ಲಕ್ಕಿಂತ ಮೊದಲು, ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆ ಫಾಂಟಿನಲ್ಲಿ ಬರೆದು ಆಮೇಲೆ ಬದಲಾಯಿಸಿದರೆ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತುಗಳು ಬಿಟ್ಟುಹೋಗುತ್ತವೆ. ಅದನ್ನು ಸಾಲು ಸಾಲಾಗಿ ಹುಡುಕಿ ಸರಿ ಮಾಡುವುದಕ್ಕಿಂತ ಹೊಸದಾಗಿ ಟೈಪ್ ಮಾಡುವುದೇ ಎಷ್ಟೋ ಸಲ ಬೇಗ ಮುಗಿಯುತ್ತದೆ.

ಎರಡನೆಯದು ಸಾಲುಗಳ ನಡುವಿನ ಜಾಗ. ಹೊಸಬರು ಇದರಲ್ಲೇ ಜಾಸ್ತಿ ಎಡವುತ್ತಾರೆ. ನಮ್ಮ ಲಿಪಿಯಲ್ಲಿ ಅಕ್ಷರದ ಕೆಳಗೂ ಅಕ್ಷರ ಬರುತ್ತದೆ. 'ರಾಷ್ಟ್ರ' ಅಂತ ಬರೆದು ನೋಡಿ, ಷ ಕೆಳಗೆ ಟ, ಅದರ ಪಕ್ಕ ರ. ಆ ಒತ್ತು ಕೆಳಗಿನ ಸಾಲಿನ 'ಕೀ' ಅಕ್ಷರದ ಗುಡಿಸಿಗೆ ತಾಗಿದರೆ ಓದುವವರ ಕಣ್ಣು ಅಲ್ಲೇ ಎಡವುತ್ತದೆ. ಯಾಕೆ ಅಂತ ಅವರಿಗೆ ಗೊತ್ತಾಗುವುದಿಲ್ಲ, ಆದರೆ ಹತ್ತು ಪುಟಕ್ಕೆ ಆಯಾಸ ಅನಿಸುತ್ತದೆ. ಇಂಗ್ಲಿಷಿಗೆ ಅಂತ ಇಟ್ಟ ಅಳತೆಯನ್ನೇ ಹಾಗೇ ಬಿಟ್ಟರೆ ಹೀಗಾಗುತ್ತದೆ. 12 ಪಾಯಿಂಟ್ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ ನಾನು 17 ಪಾಯಿಂಟಿಗಿಂತ ಕಡಿಮೆ ಕೊಡುವುದಿಲ್ಲ. ಪರದೆಯ ಮೇಲೆ ನೋಡಿ ತೀರ್ಮಾನ ಮಾಡಬೇಡಿ. ಒಂದು ಪುಟವನ್ನು ಪುಸ್ತಕದ ಅಳತೆಯಲ್ಲೇ ಮುದ್ರಿಸಿ, ಕತ್ತರಿಸಿ, ಕೈಯಲ್ಲಿ ಹಿಡಿದು ಓದಿ.

ಒಟ್ಟಿಗೆ ಜಾಸ್ತಿ ಪ್ರತಿ ಹಾಕಿಸಿದರೆ ಒಂದೊಂದರ ಖರ್ಚು ಇಳಿಯುತ್ತದೆ, ಪ್ಲೇಟು ಮಾಡುವ ಕೆಲಸ ಒಂದೇ ಸಲ ಅಲ್ವಾ. ಬೇಡಿಕೆ ಬಂದಾಗ ಮುದ್ರಿಸಿದರೆ ಪ್ರತಿಯೊಂದರ ಖರ್ಚು ಜಾಸ್ತಿ, ಆದರೆ ಮನೆ ತುಂಬಾ ಕಟ್ಟು ಇಟ್ಟುಕೊಂಡು ಕೂರಬೇಕಾಗಿಲ್ಲ. ಮೊದಲ ಪುಸ್ತಕಕ್ಕೆ ನಾನು ಎರಡನೆಯದನ್ನೇ ಹೇಳುತ್ತೇನೆ, ಯಾಕೆಂದರೆ ತಪ್ಪು ಕಂಡರೆ ಮುಂದಿನ ಪ್ರತಿಯಲ್ಲೇ ತಿದ್ದಬಹುದು. ಒಟ್ಟಿಗೆ ಹಾಕಿಸುವುದಾದರೆ ಪುಟಗಳ ಲೆಕ್ಕ 16ರ ಫಾರಂನಲ್ಲಿ ಬರಲಿ, ಅಂದರೆ ಒಂದು ದೊಡ್ಡ ಹಾಳೆ ಮಡಚಿದರೆ 16 ಪುಟ. ನಿಮ್ಮದು 130 ಪುಟ ಆದರೆ ಎರಡು ಪುಟ ಕಡಿಮೆ ಮಾಡಿ 128ಕ್ಕೆ ತನ್ನಿ. ಮುಖಪುಟದ ಬೆನ್ನಿನ ಅಗಲ ಪುಟಗಳ ಸಂಖ್ಯೆ ಮತ್ತು ಕಾಗದದ ದಪ್ಪದ ಮೇಲೆ ನಿಲ್ಲುತ್ತದೆ, ಆದ್ದರಿಂದ ಮುಖಪುಟವನ್ನು ಕೊನೆಗೆ ಮುಗಿಸಿ.

ಐಎಸ್‌ಬಿಎನ್ ಬಗ್ಗೆ ಒಂದು ತಪ್ಪು ತಿಳುವಳಿಕೆ ಎಲ್ಲ ಕಡೆ ಇದೆ. ಅದು ಪುಸ್ತಕದ ಗುರುತಿನ ಸಂಖ್ಯೆ, ಅಷ್ಟೇ, 2007ರಿಂದ 13 ಅಂಕಿಯದು. ಅದು ಹಕ್ಕನ್ನೂ ಕೊಡುವುದಿಲ್ಲ, ರಕ್ಷಣೆಯನ್ನೂ ಕೊಡುವುದಿಲ್ಲ. ಆದರೆ ಯಾರ ಹೆಸರಿನಲ್ಲಿ ತಗೊಳ್ಳುತ್ತೀರೋ ಅವರೇ ಪ್ರಕಾಶಕರು ಅಂತ ದಾಖಲಾಗುತ್ತದೆ. ನಿಮ್ಮ ಹೆಸರಿನಲ್ಲೇ ತಗೊಳ್ಳಿ. ಅಚ್ಚಿನ ಪುಸ್ತಕಕ್ಕೆ ಒಂದು, ಇ-ಪುಸ್ತಕಕ್ಕೆ ಬೇರೊಂದು.

ಯಾರ ಹತ್ತಿರ ವಿನ್ಯಾಸ ಮಾಡಿಸಿದರೂ ಪಿಡಿಎಫ್ ಒಂದನ್ನೇ ತಗೊಂಡು ಬರಬೇಡಿ. ತಿದ್ದಲು ಬರುವ ಮೂಲ ಫೈಲನ್ನೂ ಕೊಡಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ಕಿವಿಗೊಟ್ಟವನು ಬರೆದದ್ದು:

ಹಕ್ಕು, ಅಚ್ಚು ಎಲ್ಲ ಆಯಿತು. ನಾನು ಅಜ್ಜಿಯ ವಾಕ್ಯಕ್ಕೆ ಬರುತ್ತೇನೆ. 'ಬಾಗಿಲು ತಟ್ಟಲೇ ಇಲ್ಲ.' ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನೀರನ್ನು ಹೇಳದೆ ಕೇಳದೆ ಬಂದ ನೆಂಟನ ಹಾಗೆ ನೋಡಿದ ಕಣ್ಣು ಅದು. ನೀವು ಅದನ್ನು ತೆಗೆದು ವರದಿ ಬರೆದಿದ್ದೀರಿ.

ಅವರು ಹೇಳಿದ್ದು ನಿಮ್ಮ ಹತ್ತಿರ ಧ್ವನಿಯಲ್ಲಿ ಇದೆಯಾ? ಇದ್ದರೆ ಒಂದು ಕಥೆಯನ್ನು ಕೇಳಿ ಕೇಳಿ, ಏನೂ ತಿದ್ದದೆ, ಮಾತು ನಿಂತ ಕಡೆಯೂ ಸಾಲು ಬಿಟ್ಟು ಬರೆಯಿರಿ. ಉಗ್ಗು, ಪುನರುಕ್ತಿ ಎಲ್ಲ ಇರಲಿ. ಆಮೇಲೆ ಓದುವವರಿಗೆ ದಾರಿ ತಪ್ಪುವ ಕಡೆ ಮಾತ್ರ ಸರಿ ಮಾಡಿ. ಆಡುಮಾತು ಅಂತ ಪ್ರತಿ ಶಬ್ದವನ್ನೂ ಉಚ್ಚಾರದ ಹಾಗೇ ಬರೆಯಬೇಕಿಲ್ಲ, ಹಾಗೆ ಮಾಡಿದರೆ ಬೇರೆ ಕಡೆಯ ಕನ್ನಡಿಗರಿಗೆ ಓದುವುದೇ ಕಷ್ಟ. ವಾಕ್ಯ ತಿರುಗುವ ರೀತಿ, ಆಕೆಯದೇ ಆದ ಪದಗಳು, 'ನೋಡು' ಅಂತ ನಡುನಡುವೆ ಎಳೆದು ಕೂರಿಸುವುದು, ಇವು ಉಳಿದರೆ ದನಿ ಉಳಿಯುತ್ತದೆ. ಪದಕೋಶ ಕೊನೆಗೆ ಹಾಕಬೇಡಿ, ಕಥೆಯೊಳಗೇ ಅರ್ಥ ಆಗುವ ಹಾಗೆ ಇಡಿ.

ಹೇಳಿದವರ ಹೆಸರು ಪುಸ್ತಕದಲ್ಲಿ ಇರಬೇಕು. ಜರ್ಮನಿಯ ಗ್ರಿಮ್ ಸಹೋದರರು 1812ರಿಂದ ಜನಪದ ಕಥೆಗಳನ್ನು ಅಚ್ಚು ಹಾಕಿಸುತ್ತಾ ಬಂದರು, ಮುಂದೆ ಇಡೀ ಜಗತ್ತಿಗೆ ಅವರ ಹೆಸರು ಗೊತ್ತಾಯಿತು. ಅವರಿಗೆ ತುಂಬಾ ಕಥೆ ಹೇಳಿದ ಡೊರೊಥಿಯಾ ವೀಮನ್ ಒಬ್ಬ ದರ್ಜಿಯ ಹೆಂಡತಿ. 1815ರಲ್ಲಿ ತೀರಿಕೊಂಡರು. 1819ರ ಆವೃತ್ತಿಯಲ್ಲಿ ಆಕೆಯ ಚಿತ್ರ ಹಾಕಿದರು. ಉಳಿದ ಎಷ್ಟೋ ಜನ ಹೇಳಿದವರು ಓದುಗರಿಗೆ ಕಾಣಲೇ ಇಲ್ಲ. ನಿಮಗೆ ಇಬ್ಬರೇ ಇದ್ದಾರೆ, ಇಬ್ಬರೂ ಇದ್ದಾರೆ. ಹೋಗಿ ಕೇಳಿ: ಇದನ್ನು ಪುಸ್ತಕ ಮಾಡಲಾ, ನಿಮ್ಮ ಹೆಸರು ಹೇಗೆ ಹಾಕಲಿ?

ಇನ್ನು ಆಚೆ ದಡದಲ್ಲಿ ಉಳಿದವರ ಕಥೆ. ಅವರ ಮನೆಯವರು ಈಗಲೂ ಅಲ್ಲೇ ಇರುತ್ತಾರೆ ಅಲ್ವಾ? ಹೆಸರು ಬದಲಿಸಿದರೆ ಸಾಲದು. 'ಹೊಳೆಯ ಪಕ್ಕದ ಮೂರನೇ ಮನೆ' ಅಂದರೆ ಊರಿಗೆಲ್ಲ ಗೊತ್ತು. ಪುಸ್ತಕ ಬರುವುದಕ್ಕೆ ಮೊದಲು ಅವರಿಗೆ ಓದಿ ಹೇಳಿ. ಇದನ್ನು ಬಿಡಬೇಡಿ.

ಹೊಳೆದಂಡೆ ಮತ್ತೆ ಬರೆದದ್ದು, ಮೂರು ವಾರದ ಮೇಲೆ:

ತಡವಾಯಿತು, ಕ್ಷಮಿಸಿ. ಕರಾರು ವಾಪಸ್ ಕಳಿಸಿದೆ. ನಾನೇ ಮಾಡುತ್ತೇನೆ.

ಅಜ್ಜಿಗೆ ಮೊದಲ ಕಥೆಯನ್ನು ಹೊಸದಾಗಿ ಬರೆದು ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಂದು ಕಡೆ ಕೈ ಎತ್ತಿ ತಡೆದರು, 'ಅಲ್ಲಿ ನಾನು ಸುಮ್ಮನಾಗಿದ್ದೆ, ನೀನು ಬೇಗ ಓದಿಬಿಟ್ಟೆ' ಅಂದರು. ಅಲ್ಲಿ ಈಗ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.

ದೋಣಿಯ ಹಿರಿಯರು ತಮ್ಮ ಹೆಸರು ಬೇಡ ಅಂದರು. ಕಥೆಗಳನ್ನು ಅವರಿಗೆ ಹೇಳಿದ್ದು ಅವರ ಅಕ್ಕನಂತೆ, ಈಗ ಆಕೆ ಇಲ್ಲ. 'ಅವಳ ಹೆಸರು ಹಾಕು, ಕೆಳಗೆ ತಮ್ಮ ಹೇಳಿದ್ದು ಅಂತ ಬರಿ' ಅಂದರು. ಮೂರು ವರ್ಷ ಅವರ ಪಕ್ಕದಲ್ಲಿ ಕೂತು ಬರೆದುಕೊಂಡೆ, ಇದನ್ನು ಒಂದು ಸಲವೂ ಕೇಳಿರಲಿಲ್ಲ.

ಆಚೆ ದಡದ ಮನೆಗೂ ಹೋದೆ. ಆ ಮನೆಯ ಮಗಳು ಪೂರ್ತಿ ಕೇಳಿದರು. ಕೊನೆಗೆ, 'ದೋಣಿ ಬರಲೇ ಇಲ್ಲ ಅನ್ನೋದು ಸುಳ್ಳು. ಬಂದಿತ್ತು. ಅಪ್ಪನೇ ಮಕ್ಕಳನ್ನು ಹತ್ತಿಸಿ ಜಾಗ ಇಲ್ಲ ಅಂತ ಇಳಿದರು. ನಾನು ಆ ದೋಣಿಯಲ್ಲಿದ್ದೆ' ಅಂದರು. ದೋಣಿಯ ಹಿರಿಯರಿಗೆ ಇದು ಗೊತ್ತಿಲ್ಲ. ಅವರು ಆ ಹೊತ್ತು ಬೇರೆ ದೋಣಿಯಲ್ಲಿದ್ದರಂತೆ. ಇಬ್ಬರ ಒಪ್ಪಿಗೆಯೂ ಇದೆ, ಈಗ ಯಾವುದನ್ನು ಹಾಕಲಿ?

ಕಿವಿಗೊಟ್ಟವನು ಬರೆದದ್ದು:

ಎರಡನ್ನೂ ಹಾಕಿ. ಬೆಸೆದು ಒಂದು ಮಾಡಲು ಹೋಗಬೇಡಿ. ಅವರ ದನಿಯಲ್ಲಿ ಅವರದು, ಆಕೆಯ ದನಿಯಲ್ಲಿ ಆಕೆಯದು. ಹಿರಿಯರಿಗೆ ಮಾತ್ರ ಆಕೆ ಹೇಳಿದ್ದನ್ನು ಅಚ್ಚಾಗುವ ಮೊದಲೇ ತಿಳಿಸಿ.

ಪುಟ ಕಟ್ಟುವವಳು ಬರೆದದ್ದು:

ಆ ಭಾಗ ಎರಡೂ ಒಂದೊಂದು ಪುಟಕ್ಕೆ ಸಾಲುತ್ತದೆ ಅನಿಸುತ್ತದೆ. ಹಾಗಾದರೆ ಎದುರುಬದುರು ಇಡೋಣ. ಹಿರಿಯರ ಮಾತು ಎಡಕ್ಕೆ, ಮಗಳ ಮಾತು ಬಲಕ್ಕೆ. ಎಡಪುಟ ಯಾವಾಗಲೂ ಸಮಸಂಖ್ಯೆ, ಆದ್ದರಿಂದ ಹಿರಿಯರ ಭಾಗ ಸಮಸಂಖ್ಯೆಯ ಪುಟದಲ್ಲೇ ಶುರುವಾಗಬೇಕು. ಬೇಕಾದರೆ ಅದರ ಮುಂಚೆ ಒಂದು ಖಾಲಿ ಪುಟ ಬಿಡುತ್ತೇನೆ. ಇ-ಪುಸ್ತಕದಲ್ಲಿ ಎದುರು ಪುಟ ಅಂತ ಇರುವುದಿಲ್ಲ, ಅಕ್ಷರ ಓದುವವರ ಪರದೆಗೆ ತಕ್ಕ ಹಾಗೆ ಹರಿಯುತ್ತದೆ. ಅಲ್ಲಿ ಒಂದಾದ ಮೇಲೆ ಒಂದು ಬರಲಿ, ಮೇಲೆ ಹೇಳಿದವರ ಹೆಸರು ಇರಲಿ. ಫೈಲ್ ಕಳಿಸಿ. ಈ ಎರಡು ಪುಟ ನಾನು ಕಟ್ಟಿಕೊಡುತ್ತೇನೆ, ದುಡ್ಡು ಬೇಡ.