ಸರ್ಚ್‌ನಿಂದ 4,100 ಕ್ಲಿಕ್, ಅಫಿಲಿಯೇಟ್ ಕಮಿಷನ್ 1,150 ರೂಪಾಯಿ: ಲೆಕ್ಕ ಎಲ್ಲಿ ತಾಳೆ ತಪ್ಪುತ್ತಿದೆ?

ಬದಿಯಡ್ಕ_ತೋಟಿಗ:

ಎಲ್ಲರಿಗೂ ನಮಸ್ಕಾರ. ಅಡಿಕೆ ತೋಟದ ಸಲಕರಣೆಗಳ ಬಗ್ಗೆ ಕನ್ನಡದಲ್ಲಿ ಒಂದು ವೆಬ್‌ಸೈಟ್ ನಡೆಸುತ್ತಿದ್ದೇನೆ. ಮದ್ದು ಬಿಡುವ ಪಂಪು, ಹುಲ್ಲು ಹೆರೆಯುವ ಮೆಷಿನ್, ದೋಟಿ, ಇಂಥವು. ಪುಟಗಳಲ್ಲಿ ಅಮೆಜಾನ್ ಅಫಿಲಿಯೇಟ್ ಲಿಂಕ್ ಉಂಟು, ಅದನ್ನು ಒತ್ತಿ ಯಾರಾದರೂ ಕೊಂಡರೆ ನನಗೆ ಕಮಿಷನ್. ಇದಕ್ಕೆ ಇನ್ನೆಷ್ಟು ಸಮಯ ಕೊಡಬಹುದು ಅಂತ ತೀರ್ಮಾನ ಮಾಡಲಿಕ್ಕೆ ಆದಾಯದ ಒಂದು ಅಂದಾಜು ಬೇಕು.

ಜೂನ್‌ನಲ್ಲಿ ಸರ್ಚ್ ಕನ್ಸೋಲ್ (ಗೂಗಲ್ ಹುಡುಕಾಟದಿಂದ ಸೈಟಿಗೆ ಬಂದ ಕ್ಲಿಕ್ಕಿನ ಲೆಕ್ಕ ಕೊಡುವ ಸಾಧನ) ಪ್ರಕಾರ 4,100 ಕ್ಲಿಕ್. ನೂರರಲ್ಲಿ 10 ಜನ ಲಿಂಕ್ ಒತ್ತುತ್ತಾರೆ, ಒತ್ತಿದವರಲ್ಲಿ 8% ಕೊಳ್ಳುತ್ತಾರೆ, ಪಂಪಿಗೆ 6,000 ರೂ., ಕಮಿಷನ್ 5% ಅಂತ ಹಿಡಿದರೆ 9,840 ರೂ. ಬರಬೇಕು. ಬಂದದ್ದು 1,150. ಡ್ಯಾಶ್‌ಬೋರ್ಡಿನಲ್ಲಿ ಅಮೆಜಾನ್ ತೋರಿಸುವುದು 118 ಲಿಂಕ್ ಕ್ಲಿಕ್, 9 ಆರ್ಡರ್, ಅದರಲ್ಲಿ ರವಾನೆಯಾದದ್ದು 7. ಲಿಂಕಿನಲ್ಲಿ ನನ್ನ ಟ್ಯಾಗ್ (ಖಾತೆಯ ಗುರುತು) ಸರಿಯಾಗಿಯೇ ಉಂಟು. ಮತ್ತೆ ಎಲ್ಲಿ ಸೋರುತ್ತಿದೆ?

ಕುಂಬಳೆ_ಲೆಕ್ಕ:

ನಿಮ್ಮ ಅಂದಾಜಿಗೂ ಬಂದದ್ದಕ್ಕೂ ಎಂಟೂವರೆ ಪಟ್ಟು ಅಂತರ. ಅದನ್ನು ಒಟ್ಟಿಗೆ ನೋಡಿದರೆ ಗಾಬರಿ ಆಗುತ್ತದೆ. ಹಂತ ಹಂತವಾಗಿ ಬಿಡಿಸಿ ನೋಡುವ.

ಲಿಂಕ್ ಒತ್ತಿದವರು 410 ಇರಬೇಕಿತ್ತು, ಇರುವುದು 118. ಅಲ್ಲೇ ಮೂರೂವರೆ ಪಟ್ಟು ಹೋಯಿತು. 118ರಲ್ಲಿ 9 ಆರ್ಡರ್ ಅಂದರೆ 7.6%. ನಿಮ್ಮ 8% ಹೆಚ್ಚುಕಡಿಮೆ ಸರಿಯೇ, ಕೊಳ್ಳುವವರು ಕೊಳ್ಳುತ್ತಿದ್ದಾರೆ. ಆದರೆ ಎರಡು ಆರ್ಡರ್ ರವಾನೆ ಆಗಲಿಲ್ಲ, ರವಾನೆಯಾಗದ್ದಕ್ಕೆ ಕಮಿಷನ್ ಇಲ್ಲ. ಉಳಿದ ಏಳಕ್ಕೆ 1,150 ಅಂದರೆ ಒಂದಕ್ಕೆ 164 ರೂ. ನೀವು ಹಿಡಿದದ್ದು 300. ಜನ ತೆಗೆದುಕೊಳ್ಳುತ್ತಿರುವುದು 6,000ದ ಪಂಪು ಅಲ್ಲ, ಅಥವಾ ಆ ವಸ್ತುವಿನ ಕಮಿಷನ್ ದರವೇ ಬೇರೆ. ಅಮೆಜಾನ್‌ನಲ್ಲಿ ದರ ವಿಭಾಗಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಯಾವ ಏಳು ವಸ್ತು ಹೋಗಿದೆ ಅಂತ ವರದಿಯಲ್ಲಿ ನೋಡಿ.

ಇನ್ನೊಂದು: 4,100 ಕ್ಲಿಕ್ ಯಾವ ಯಾವ ಪುಟಕ್ಕೆ ಬಂದದ್ದು? ಗೂಗಲ್ ಅನಾಲಿಟಿಕ್ಸ್‌ನಲ್ಲಿ ಹೊರಗಿನ ಲಿಂಕ್ ಒತ್ತಿದ ಲೆಕ್ಕ ತಾನಾಗಿ ದಾಖಲಾಗುತ್ತದೆ. ಪುಟವಾರು ತೆಗೆದು ಇಲ್ಲಿ ಹಾಕಿ.

ಉಪ್ಪಳ_ಮೆಷಿನರಿ:

ನಾನು ಅಂಗಡಿಯಲ್ಲಿ ಕೆಲಸ ಮಾಡುವವ. ಬರುವವರು ಮೊಬೈಲಿನಲ್ಲಿ ಪಂಪಿನ ಫೋಟೋ, ರೇಟು ತೋರಿಸಿ "ಇದೇ ಬೇಕು, ಎಷ್ಟಕ್ಕೆ ಕೊಡ್ತೀರಿ" ಅಂತ ಕೇಳುತ್ತಾರೆ. ಓದುವುದು ನಿಮ್ಮಂಥವರ ಪುಟದಲ್ಲಿ, ಕೊಳ್ಳುವುದು ಇಲ್ಲಿ. ಮಳೆ ಹಿಡಿದ ಮೇಲೆ ಎಚ್‌ಟಿಪಿ ಪಂಪು (ಹೆಚ್ಚು ಒತ್ತಡದಲ್ಲಿ ಮದ್ದು ಬಿಡುವಂಥದ್ದು) ಕೈಕೊಟ್ಟರೆ ಅದೇ ದಿನ ರಿಪೇರಿ ಆಗಬೇಕಲ್ಲ, ಮದ್ದು ಬಿಡುವ ಜನ ಮರುದಿನ ಸಿಗುವುದಿಲ್ಲ. ಮತ್ತೆ ಸಬ್ಸಿಡಿ ಬೇಕಾದವರು ಕೃಷಿ ಭವನದಲ್ಲಿ (ನಮ್ಮ ಕೇರಳದ ಊರಿನ ಕೃಷಿ ಇಲಾಖೆ ಕಚೇರಿ) ವಿಚಾರಿಸಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ನೋಂದಾಯಿತ ಡೀಲರ್ ಹತ್ತಿರವೇ ತೆಗೆದುಕೊಳ್ಳಬೇಕು. ದೊಡ್ಡ ಮೆಷಿನ್‌ಗಳು ಹಾಗೆ ನಿಮ್ಮ ಲೆಕ್ಕದಿಂದ ಹೊರಗೆ ಹೋಗುತ್ತವೆ. ನೋಜಲ್, ಹೋಸ್, ಹುಲ್ಲು ಹೆರೆಯುವ ಮೆಷಿನ್ನಿನ ನೈಲಾನ್ ಹಗ್ಗ, ಬ್ಲೇಡು, ಇವನ್ನು ಆನ್‌ಲೈನಲ್ಲಿ ತರಿಸುವವರು ಧಾರಾಳ ಇದ್ದಾರೆ.

ಬದಿಯಡ್ಕ_ತೋಟಿಗ:

ಹೌದು ಮಾರಾಯ್ರೆ! ಏಳರಲ್ಲಿ ಪಂಪು ಒಂದೇ. ಉಳಿದದ್ದು ಬಿಡಿಭಾಗ, ಗ್ಲೌಸ್, ಒಂದು ಸಣ್ಣ ಬ್ಯಾಟರಿ ಸ್ಪ್ರೇಯರ್.

ಪುಟವಾರು ಹೀಗುಂಟು. ಬೋರ್ಡೋ ದ್ರಾವಣ (ಅಡಿಕೆಯ ಕೊಳೆರೋಗಕ್ಕೆ ಬಿಡುವ ಮದ್ದು) ತಯಾರಿ: 2,600 ಸರ್ಚ್ ಕ್ಲಿಕ್, ಲಿಂಕ್ ಒತ್ತಿದ್ದು 15. ಪಂಪುಗಳ ಹೋಲಿಕೆ: 380, ಒತ್ತಿದ್ದು 61. ಹುಲ್ಲು ಹೆರೆಯುವ ಮೆಷಿನ್: 290, ಒತ್ತಿದ್ದು 34. ಉಳಿದ ಪುಟಗಳೆಲ್ಲ ಸೇರಿ 830, ಒತ್ತಿದ್ದು 8.

ಕುಂಬಳೆ_ಲೆಕ್ಕ:

ಈಗ ಚಿತ್ರ ಸಿಕ್ಕಿತು. ಬೋರ್ಡೋ ಪುಟಕ್ಕೆ ಬರುವವನಿಗೆ ಬೇಕಾದದ್ದು 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಅನ್ನುವ ಮಾತು. ಅದು ಸಿಕ್ಕಿದ ಕೂಡಲೇ ಅವನು ತೋಟಕ್ಕೆ ಹೋಗುತ್ತಾನೆ. ಕೊಳೆರೋಗದ ಕಾಲದಲ್ಲಿ ಅದು ಉಪಕಾರದ ಪುಟ, ಖಂಡಿತ ಇಟ್ಟುಕೊಳ್ಳಿ, ಆದರೆ ಆದಾಯದ ಲೆಕ್ಕಕ್ಕೆ ಸೇರಿಸಬೇಡಿ. ಅಲ್ಲಿ ಲಿಂಕ್ ಒತ್ತುವವರು 0.6%. ಪಂಪಿನ ಪುಟದಲ್ಲಿ 16%, ಹುಲ್ಲಿನ ಮೆಷಿನ್ ಪುಟದಲ್ಲಿ ಸುಮಾರು 12%. ನಿಮ್ಮ ಸರಾಸರಿ 10% ಯಾವ ಪುಟದಲ್ಲೂ ನಿಜವಲ್ಲ.

ಕೊಳ್ಳುವ ಮನಸ್ಸಿನವರು ಬರುವ ಈ ಎರಡು ಪುಟಗಳ 670 ಕ್ಲಿಕ್ಕನ್ನು ಮಾತ್ರ ಹಿಡಿಯಿರಿ. 1,150ರಲ್ಲಿ ಸುಮಾರು 1,000 ಇವುಗಳಿಂದಲೇ ಬಂದಿದೆ ಅಂತಿಟ್ಟುಕೊಂಡರೆ ಒಂದು ಸರ್ಚ್ ಕ್ಲಿಕ್ಕಿಗೆ ಒಂದೂವರೆ ರೂಪಾಯಿ ಬಿತ್ತು. ಇದು ಅಂದಾಜಿನ ಅಂದಾಜು. ಖಚಿತ ಬೇಕಾದರೆ ಅಮೆಜಾನ್ ಅಸೋಸಿಯೇಟ್ಸ್ (ಅಫಿಲಿಯೇಟ್) ಖಾತೆಯಲ್ಲಿ ಪುಟಕ್ಕೊಂದು ಬೇರೆ ಟ್ರ್ಯಾಕಿಂಗ್ ಐಡಿ ಮಾಡಿಕೊಳ್ಳಿ. ಆಮೇಲೆ ಯಾವ ರೂಪಾಯಿ ಯಾವ ಪುಟದ್ದು ಅಂತ ಊಹಿಸಬೇಕಾಗಿಲ್ಲ.

ಒಂದೇ ಪುಟದಲ್ಲೂ ಎರಡು ಬಗೆಯ ಓದುಗರಿರುತ್ತಾರೆ, ಕೊಳ್ಳಲು ಬಂದವರು ಮತ್ತು ಬರೀ ತಿಳಿಯಲು ಬಂದವರು. ಕೊಳ್ಳುವವರನ್ನು ಬೇರೆ ಮಾಡಲಿಕ್ಕೆ ಒಂದು ದಾರಿ ಉಂಟು. ಸರ್ಚ್ ಕನ್ಸೋಲ್‌ನ ಕ್ವೆರಿ ಫಿಲ್ಟರ್‌ನಲ್ಲಿ ರೆಜೆಕ್ಸ್ (ಕೊಟ್ಟ ಪದಗಳಲ್ಲಿ ಯಾವುದಿದ್ದರೂ ಹಿಡಿಯುವ ಮಾದರಿ) ಆಯ್ಕೆ ಮಾಡಿ ಹೀಗೆ ಹಾಕಿ ನೋಡಿ: ಬೆಲೆ|ರೇಟ್|ಯಾವುದು|ಒಳ್ಳೆಯ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವವರಿಗಾಗಿ ಅದೇ ಪದಗಳನ್ನು ಆ ಲಿಪಿಯಲ್ಲೂ ಸೇರಿಸಿ. ಆ ಪಟ್ಟಿಯ ಮೊತ್ತ ಒಟ್ಟು ಕ್ಲಿಕ್ಕಿಗಿಂತ ಕಡಿಮೆ ಬರುತ್ತದೆ, ಅಪರೂಪದ ಹುಡುಕಾಟಗಳನ್ನು ಗೂಗಲ್ ಖಾಸಗಿತನದ ಕಾರಣಕ್ಕೆ ತೋರಿಸುವುದಿಲ್ಲ.

ಜೂನ್ ಲೆಕ್ಕವನ್ನು ಮಾತ್ರ ದಯವಿಟ್ಟು 12ರಿಂದ ಗುಣಿಸಬೇಡಿ. ಮಳೆಗೆ ಮೊದಲಿನ ಮದ್ದು, ಅದಾಗಿ 40–45 ದಿನಕ್ಕೆ ಎರಡನೆಯದ್ದು. ಪಂಪು ಹುಡುಕುವುದು ಆ ಸುತ್ತಮುತ್ತಲೇ. ಜನವರಿಯಲ್ಲಿ ಯಾರಿಗೆ ಬೇಕು? ಸರ್ಚ್ ಕನ್ಸೋಲ್‌ನಲ್ಲಿ 16 ತಿಂಗಳ ಮಾಹಿತಿ ಸಿಗುತ್ತದೆ, ಪ್ರತಿ ತಿಂಗಳ ಕ್ಲಿಕ್ಕನ್ನು ಬೇರೆ ಬೇರೆ ಬರೆದುಕೊಳ್ಳಿ. ಏಳು ಆರ್ಡರ್ ಅನ್ನುವುದು ಸಣ್ಣ ಸಂಖ್ಯೆ ಕೂಡ. ಪುಟದಲ್ಲಿ ಏನೂ ಬದಲಾಗದೆ ಬರುವ ತಿಂಗಳು ನಾಲ್ಕಾಗಬಹುದು, ಹನ್ನೊಂದೂ ಆಗಬಹುದು. ಮೂರು ನಾಲ್ಕು ತಿಂಗಳು ಕೂಡಿಸಿ ಆ ಒಂದೂವರೆ ರೂಪಾಯಿಯನ್ನು ಮತ್ತೆ ತೆಗೆಯಿರಿ.

ಬದಿಯಡ್ಕ_ತೋಟಿಗ:

ಬಹಳ ಉಪಕಾರ ಆಯಿತು. ಇನ್ನೊಂದೇ ಪ್ರಶ್ನೆ. ಕಾಳುಮೆಣಸು ಬಿಡಿಸುವ ಮೆಷಿನ್ ಬಗ್ಗೆ ಹೊಸ ಪುಟ ಮಾಡಬೇಕೆಂದಿದ್ದೇನೆ. ಯಾವ ಪದವನ್ನು ಎಷ್ಟು ಸಲ ಹುಡುಕುತ್ತಾರೆ ಅಂತ ಹೇಳುವ ಗೂಗಲ್ ಕೀವರ್ಡ್ ಪ್ಲಾನರ್ ತಿಂಗಳಿಗೆ 100ರಿಂದ 1,000 ಅಂತ ತೋರಿಸುತ್ತದೆ. ಯಾವುದನ್ನು ಹಿಡಿಯಲಿ?

ಕುಂಬಳೆ_ಲೆಕ್ಕ:

ಜಾಹೀರಾತಿಗೆ ದುಡ್ಡು ಹಾಕದ ಖಾತೆಗೆ ಅದು ಹಾಗೆ ಅಗಲವಾಗಿಯೇ ತೋರಿಸುವುದು. ಎರಡೂ ತುದಿಗೆ ಲೆಕ್ಕ ಹಾಕಿ. ಹುಡುಕಿದವರಲ್ಲಿ ಐದರಲ್ಲಿ ಒಬ್ಬ ನಿಮ್ಮ ಪುಟಕ್ಕೆ ಬಂದ ಅಂತಲೇ ಇಟ್ಟುಕೊಳ್ಳುವ, ಅದಕ್ಕೂ ಮೇಲಿನ ಸ್ಥಾನ ಸಿಗಬೇಕು. 100ಕ್ಕೆ 20 ಕ್ಲಿಕ್, 30 ರೂಪಾಯಿ. 1,000ಕ್ಕೆ 200 ಕ್ಲಿಕ್, 300 ರೂಪಾಯಿ. ಮೆಷಿನ್ನಿನ ಬೆಲೆ ಬೇರೆ ಆದ್ದರಿಂದ ಒಂದೂವರೆ ರೂಪಾಯಿ ಇಲ್ಲಿ ಹೆಚ್ಚುಕಡಿಮೆ ಆಗಬಹುದು. ಪ್ಲಾನರ್‌ನಲ್ಲಿ ಸ್ಥಳ ಕೇರಳ ಮಾತ್ರ ಇದ್ದರೆ ಕರ್ನಾಟಕವನ್ನೂ ಸೇರಿಸಿ, ನಿಮ್ಮ ಓದುಗರು ಪುತ್ತೂರು, ಸುಳ್ಯ, ಶಿರಸಿ ಕಡೆಯಲ್ಲೂ ಇರುತ್ತಾರೆ. ಅದು ತೋರಿಸುವುದು ವರ್ಷದ ಸರಾಸರಿ, ಮೆಣಸಿನ ಕೊಯ್ಲಿನ ತಿಂಗಳುಗಳಲ್ಲಿ ಅದಕ್ಕಿಂತ ಮೇಲೆ, ಮಳೆಗಾಲದಲ್ಲಿ ಕೆಳಗೆ.

ಬರೆಯುವುದಾದರೆ ಆಗಸ್ಟ್‌ನಲ್ಲೇ ಹಾಕಿಬಿಡಿ. ಹೊಸ ಪುಟ ಸರ್ಚ್‌ನಲ್ಲಿ ಮೇಲೆ ಬರಲು ತಿಂಗಳುಗಳೇ ಬೇಕು, ಡಿಸೆಂಬರ್‌ಗೆ ಕೊಯ್ಲು ಶುರು.