ದ್ವೀಪದ ಹಲ್ಲಿಗಳು: ಒಂದೇ ಪ್ರಭೇದವೋ, ಎರಡೋ?

ಬಾಲತುಂಡು
ಉಷ್ಣವಲಯದ ಅಕ್ಕಪಕ್ಕದ ಎರಡು ದ್ವೀಪಗಳ ಹಲ್ಲಿಗಳು. ಲಕ್ಷಣ ನೋಡಿ ಗುರುತಿಸುವ ಕೀ ಹಿಡಿದು ಜೀನಸ್‌ (ಕುಲ) ವರೆಗೆ ಬಂದಾಯಿತು, ಮುಂದೆ ದಾರಿ ಕಾಣುತ್ತಿಲ್ಲ. ಒಂದು ದ್ವೀಪದವು ತುಸು ದೊಡ್ಡವು, ಬಣ್ಣವೂ ಕಡು. ಇಷ್ಟಕ್ಕೇ ಬೇರೆ ಪ್ರಭೇದ ಎನ್ನಬಹುದೇ? ಕೆಡದಂತೆ ಫಾರ್ಮಲಿನ್ ದ್ರವದಲ್ಲಿಟ್ಟ ಮಾದರಿಯಿಂದ ಡಿಎನ್‌ಎ ತೆಗೆಯಬಹುದೇ?

ಶಲ್ಕಲೆಕ್ಕ
ಗಾತ್ರ, ಬಣ್ಣ ಎರಡನ್ನೂ ಪಕ್ಕಕ್ಕಿಡಿ. ಆಲ್ಕೋಹಾಲ್‌ನಲ್ಲಿ ಹಳದಿ ಬಣ್ಣ ಕರಗಿಹೋಗಿ ಹಸಿರು ಹಲ್ಲಿ ನೀಲಿಯಾಗುತ್ತದೆ. ಬಣ್ಣ ಬೇಕಿದ್ದರೆ ಜೀವಂತವಿರುವಾಗಲೇ ಫೋಟೊ ತೆಗೆಯಿರಿ. ಅಳತೆ ಮೂತಿಯ ತುದಿಯಿಂದ ಗುದದ್ವಾರದವರೆಗೆ ಮಾತ್ರ. ಬಾಲ ಕಳಚಿ ಮತ್ತೆ ಬೆಳೆದಿದ್ದರೆ ಅದರ ಉದ್ದವೂ ಶಲ್ಕವೂ (ಮೈಮೇಲಿನ ಹುರುಪೆ) ಲೆಕ್ಕಕ್ಕಿಲ್ಲ. ವಯಸ್ಕ ಗಂಡನ್ನು ವಯಸ್ಕ ಗಂಡಿನ ಜೊತೆಗೇ ಹೋಲಿಸಿ.

ನಂಬಬಹುದಾದದ್ದು ಎಣಿಕೆ: ನಡುಮೈ ಸುತ್ತಲಿನ ಶಲ್ಕಸಾಲು, ಗಂಡಿನ ಗುದದ ಮುಂದಿನ ರಂಧ್ರಗಳು, ಹಿಂಗಾಲಿನ ನಾಲ್ಕನೇ ಬೆರಳಿನಡಿಯ ಪಟ್ಟಿಗಳು. ಪಟ್ಟಿ ಎಲ್ಲಿಂದ ಎಣಿಸಿದಿರಿ ಎಂದು ಬರೆದಿಡಿ, ಇಲ್ಲದಿದ್ದರೆ ಇಬ್ಬರು ಎಣಿಸಿದರೆ ಎರಡು ಸಂಖ್ಯೆ ಬರುತ್ತದೆ. ಫಾರ್ಮಲಿನ್‌ಗೆ ಹಾಕುವಾಗ ಬೆರಳು ಬಿಡಿಸಿಡಿ. ಮಡಚಿಕೊಂಡೇ ಗಟ್ಟಿಯಾದರೆ ಆಮೇಲೆ ಯಾವ ಲೆನ್ಸ್ ಹಿಡಿದರೂ ಪ್ರಯೋಜನವಿಲ್ಲ.

ಒಣಚರ್ಮ
ಡಿಎನ್‌ಎ ವಿಷಯ: ಫಾರ್ಮಲಿನ್ ಅದನ್ನು ಚೂರುಚೂರು ಮಾಡುತ್ತದೆ. ಹಳೆಯ ಮಾದರಿಯಿಂದ ತೆಗೆಯುವ ವಿಧಾನಗಳಿವೆ, ಆದರೆ ಖರ್ಚು ಹೆಚ್ಚು, ಭರವಸೆ ಕಡಿಮೆ. ಹೊಸ ಮಾದರಿಯಾದರೆ ಮೊದಲು ಅಕ್ಕಿಕಾಳಿನಷ್ಟು ಯಕೃತ್ತು ಕತ್ತರಿಸಿ 95% ಎಥನಾಲ್‌ಗೆ ಹಾಕಿ, ಆಮೇಲೆ ದೇಹಕ್ಕೆ 10% ಫಾರ್ಮಲಿನ್, ಕೆಲವು ದಿನಗಳ ನಂತರ ನೀರಿನಲ್ಲಿ ತೊಳೆದು 70% ಎಥನಾಲ್. ಬ್ಲೇಡನ್ನು ಪ್ರತಿ ಮಾದರಿಗೂ ಶುಚಿ ಮಾಡಿ.

ಹೋಲಿಕೆಗೆ ಮರುಳಾಗಬೇಡಿ. ಜಮೈಕಾದ ಅನೋಲಿಸ್ ವ್ಯಾಲೆನ್ಸಿಯೆನ್ನಿ ಸಣ್ಣ ರೆಂಬೆಗಳ ಮೇಲೆ ಬದುಕುವ ಗಿಡ್ಡಗಾಲಿನ ಹಲ್ಲಿ. ನೋಡಲು ಕ್ಯೂಬಾದ ರೆಂಬೆಹಲ್ಲಿಗಳ ಹಾಗೆಯೇ. ಆದರೆ ಅದರ ಹತ್ತಿರದ ಬಳಗವೆಲ್ಲ ಜಮೈಕಾದ್ದೇ; ಮರದ ತಲೆಯಲ್ಲಿರುವ ದಪ್ಪದ ಅನೋಲಿಸ್ ಗಾರ್ಮಾನಿಯೂ ಅದರಲ್ಲಿ ಸೇರಿದೆ. ಒಂದೇ ಬಗೆಯ ಬದುಕು ಒಂದೇ ಬಗೆಯ ಮೈ ಕೊಟ್ಟಿದೆ, ಅಷ್ಟೆ. ಇನ್ನು ಮೈಟೊಕಾಂಡ್ರಿಯಾದ ಒಂದೇ ಜೀನ್ ನೋಡಿ ತೀರ್ಪು ಕೊಡಬೇಡಿ. ಮಿಶ್ರತಳಿಯಾದರೆ ಆ ಜೀನ್ ನೆರೆಯ ಪ್ರಭೇದದಿಂದಲೂ ಬಂದಿರಬಹುದು. ಬೀಜಕೇಂದ್ರದ ಜೀನ್‌ಗಳೂ ಶಲ್ಕದ ಎಣಿಕೆಯೂ ಎರಡು ಗುಂಪುಗಳ ನಡುವೆ ಅದೇ ಗೆರೆ ಎಳೆದರೆ ಆಗ ಮಾತಾಡೋಣ.

ಬಾಲತುಂಡು
ಧನ್ಯವಾದ. ಅಲ್ಲೇ ಮಣ್ಣಿನಡಿ ಎರೆಹುಳದಂಥ ಕಪ್ಪು ಪ್ರಾಣಿಯೂ ಸಿಕ್ಕಿದೆ. ಸಿಸಿಲಿಯನ್ (ಕಾಲಿಲ್ಲದ ಉಭಯಚರ) ಇರಬಹುದೇ?

ಶಲ್ಕಲೆಕ್ಕ
ಯಾವ ದ್ವೀಪ ಎನ್ನುವುದರ ಮೇಲಿದೆ. ಸೇಷೆಲ್ಸ್‌ನಲ್ಲಿ ಸಿಸಿಲಿಯನ್‌ಗಳಿವೆ, ಮಡಗಾಸ್ಕರ್‌ನಲ್ಲಿ ಇಲ್ಲವೇ ಇಲ್ಲ. ಲೆನ್ಸ್ ಹಿಡಿದು ನೋಡಿ: ಚರ್ಮ ತೇವವಾಗಿ ಉಂಗುರ ಉಂಗುರವಾಗಿದ್ದು, ಕಣ್ಣಿಗೂ ಮೂಗಿಗೂ ನಡುವೆ ಪುಟ್ಟ ಸ್ಪರ್ಶಾಂಗವಿದ್ದರೆ ಸಿಸಿಲಿಯನ್. ಒಣಗಿ ಮಿರುಗುವ ಶಲ್ಕ, ಬಾಲದ ತುದಿಗೊಂದು ಮುಳ್ಳು ಇದ್ದರೆ ಕುರುಡು ಹಾವು. ನಡುಮೈಯಲ್ಲಿ 20 ಸಾಲು ಶಲ್ಕ ಸಿಕ್ಕರೆ ಬಹುಶಃ ಬ್ರಾಹ್ಮಿಣಿ ಕುರುಡು ಹಾವೇ. ಅದರಲ್ಲಿ ಹೆಣ್ಣುಗಳಷ್ಟೇ, ಗಂಡಿಲ್ಲದೆ ಮರಿಯಾಗುತ್ತವೆ. ಹೂಕುಂಡದ ಮಣ್ಣಿನಲ್ಲಿ ಒಂದೇ ಒಂದು ಬಂದರೂ ಹೊಸ ಜಾಗದಲ್ಲಿ ನೆಲೆಯೂರಲು ಸಾಕು, ಹಾಗಾಗಿ ದ್ವೀಪದ ಮೂಲಜೀವಿಗಳ ಪಟ್ಟಿಗೆ ಅದನ್ನು ಸೇರಿಸಬೇಡಿ.